ಒಂದು ಯೂನಿಟ್ಟಿಗೆ ಎಷ್ಟು ದೂರ?

ಮನೆಯ ಕರೆಂಟ್ ಬಿಲ್ಲನ್ನು ಒಮ್ಮೆ ಕೈಗೆತ್ತಿಕೊಳ್ಳಿ ಮಕ್ಕಳೇ. ಈ ತಿಂಗಳು ಎಷ್ಟು ಯೂನಿಟ್ ಖರ್ಚಾಯಿತು ಎಂದು ಅದರಲ್ಲಿ ಬರೆದಿರುತ್ತದೆ. ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುತ್ತೇವಲ್ಲ, ಅಂಥ ಸಾವಿರ ವಾಟ್‌ನ ಕಾಯಿಲ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಅಷ್ಟೇ ವಿದ್ಯುತ್ತನ್ನು ಕರೆಂಟ್ ಕಾರಿಗೆ ಕೊಟ್ಟರೆ ನಾಲ್ಕು ಜನರನ್ನು ಕೂರಿಸಿಕೊಂಡು ಊರೊಳಗೆ ಸುಮಾರು ಏಳು ಕಿಲೋಮೀಟರ್ ಓಡುತ್ತದೆ. ಅಂದರೆ ನಾಯಂಡಹಳ್ಳಿಯಲ್ಲಿ ಹತ್ತಿದವರು ಕೆಂಗೇರಿಯಲ್ಲಿ ಇಳಿಯಬಹುದು.

ಪೆಟ್ರೋಲನ್ನೂ ಇದೇ ಅಳತೆಯಲ್ಲಿ ನೋಡೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಹತ್ತಿರ ಹತ್ತಿರ 9 ಯೂನಿಟ್. ಊರೊಳಗೆ ಲೀಟರಿಗೆ 15 ಕಿ.ಮೀ. ಕೊಡುವ ಕಾರು ಎಂದಿಟ್ಟುಕೊಂಡರೆ, ಒಂದು ಯೂನಿಟ್ಟಿಗೆ ಎರಡು ಕಿಲೋಮೀಟರೂ ಆಗುವುದಿಲ್ಲ. ಕೆಂಗೇರಿ ಎಲ್ಲಿಯ ಮಾತು, ರಾಜರಾಜೇಶ್ವರಿ ನಗರದ ಆರ್ಚ್ ಆಸುಪಾಸಿನಲ್ಲೇ ಲೆಕ್ಕ ಮುಗಿಯುತ್ತದೆ!

ಉಳಿದದ್ದು ಎಲ್ಲಿಗೆ ಹೋಯಿತು? ಸಂಜೆ ಆರು ಗಂಟೆಗೆ ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ನಿಂತವರಿಗೆ ಗೊತ್ತು. ಪೆಟ್ರೋಲ್ ಎಂಜಿನ್ ತಾನು ಸುಡುವ ಇಂಧನದಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಕೊಡುತ್ತದೆ. ಮಿಕ್ಕದ್ದೆಲ್ಲ ಬಾನೆಟ್ಟಿನ ಬಿಸಿ, ಹೊಗೆಕೊಳವೆಯ ಬಿಸಿ. ಸಿಗ್ನಲ್ಲಿನಲ್ಲಿ ನಿಂತಾಗಲೂ ಎಂಜಿನ್ ಗುರುಗುಟ್ಟುತ್ತಾ ಎಣ್ಣೆ ಕುಡಿಯುತ್ತಲೇ ಇರುತ್ತದೆ. ಕರೆಂಟ್ ಕಾರಿನ ಮೋಟಾರು ಹಾಗಲ್ಲ, ಕಾರು ನಿಂತರೆ ಅದೂ ನಿಲ್ಲುತ್ತದೆ. (ಎ.ಸಿ. ಹಾಕಿಕೊಂಡು ಕೂತರೆ ಮಾತ್ರ ಅದಕ್ಕೊಂದಿಷ್ಟು ಖರ್ಚು.) ವೇಗ ಇಳಿಸುವಾಗ ಅದೇ ಮೋಟಾರು ಉಲ್ಟಾ ಕೆಲಸ ಮಾಡಿ ಜನರೇಟರ್ ಆಗುತ್ತದೆ, ಬ್ರೇಕಿನಲ್ಲಿ ಬಿಸಿಯಾಗಿ ಹಾಳಾಗಬೇಕಿದ್ದ ಶಕ್ತಿಯಲ್ಲಿ ಒಂದು ಪಾಲು ಬ್ಯಾಟರಿಗೆ ಮರಳುತ್ತದೆ. 2021ರ ಆಗಸ್ಟಿನಿಂದ ನಾಯಂಡಹಳ್ಳಿಯ ತಲೆಯ ಮೇಲೆ ಓಡಾಡುತ್ತಿರುವ ಮೆಟ್ರೋ ರೈಲು ಕೂಡ ನಿಲ್ದಾಣ ಬಂದಾಗ ಹೀಗೇ ವಿದ್ಯುತ್ತನ್ನು ಹಿಂದಿರುಗಿಸುತ್ತದೆ.

ಕರೆಂಟ್ ಕಾರಿನ ಪರವಾಗಿಯೇ ಪೂರ್ತಿ ತಕ್ಕಡಿ ತೂಗಬಾರದು. ಅದಕ್ಕೆ ಬರುವ ವಿದ್ಯುತ್ ರಾಯಚೂರಿನ ಕಲ್ಲಿದ್ದಲಿನದಾದರೆ, ಅಲ್ಲಿಯೂ ಶಾಖದ ಮೂರನೇ ಒಂದು ಭಾಗದಷ್ಟೇ ವಿದ್ಯುತ್ತಾಗುವುದು. ಪಾವಗಡದ ಬಿಸಿಲಿನದಾದರೆ ಆ ಮಾತಿಲ್ಲ.

ಇನ್ನು ತಾತಂದಿರಿಗೆ ನೆನಪಿರುವ ಕಥೆಗೆ ಬರೋಣ. 2001ರಲ್ಲಿ ಬೆಂಗಳೂರಿನ ಬೀದಿಗೆ ಆಟಿಕೆಯಂಥ ಪುಟ್ಟ ಕಾರೊಂದು ಇಳಿಯಿತು, ಹೆಸರು ರೇವಾ. ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಎಂಬ ಕಂಪನಿಯೂ 1994ರಲ್ಲಿ ಕೈಜೋಡಿಸಿ ಕಟ್ಟಿದ ಸಂಸ್ಥೆಯದು, ಕಾರ್ಖಾನೆ ಬೊಮ್ಮಸಂದ್ರದಲ್ಲಿ. ಕಾರನ್ನು ರೂಪಿಸಿದ ಚೇತನ್ ಮೈನಿಯವರ ತಾಯಿಯ ಹೆಸರೂ ರೇವಾ. ಎರಡೇ ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದಿನ ಸೀಟಿನಲ್ಲಿ ಹಿಡಿಸುತ್ತಿದ್ದದ್ದು ನಿಮ್ಮಂಥ ಮಕ್ಕಳು ಮಾತ್ರ. ನೋಡಿ ನಕ್ಕವರೇ ಹೆಚ್ಚು. ಅದೇ ಕಾರು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲೂ ಓಡಿತು.

ರೇವಾದ ಹೊಟ್ಟೆಯೊಳಗೆ ಇದ್ದದ್ದು ಸೀಸ ಮತ್ತು ಆಮ್ಲದ ಎಂಟು ಬ್ಯಾಟರಿಗಳು. ಮನೆಯ ಯುಪಿಎಸ್‌ಗೆ ತಾತ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕುತ್ತಾರಲ್ಲ, ಆ ಜಾತಿಯವೇ. ಎಲ್ಲ ಸೇರಿ ಹತ್ತು ಯೂನಿಟ್ಟಿಗೂ ಸ್ವಲ್ಪ ಕಡಿಮೆ ವಿದ್ಯುತ್ ಹಿಡಿಯುತ್ತಿದ್ದವು. ಒಮ್ಮೆ ತುಂಬಿದರೆ 80 ಕಿ.ಮೀ. ಎಂದರು. ಯೂನಿಟ್ಟಿಗೆ ಎಂಟು ಕಿಲೋಮೀಟರ್! ಇವತ್ತಿನ ಕಾರಿಗಿಂತ ಕಡಿಮೆ ಏನಲ್ಲ. ಹಾಗಾದರೆ ಕೊರತೆ ಎಲ್ಲಿತ್ತು? ತೂಕದಲ್ಲಿ. ಒಂದು ಕಿಲೋ ಸೀಸದ ಬ್ಯಾಟರಿಯಲ್ಲಿ ಸಿಗುವುದು ಬರಿಯ 30ರಿಂದ 40 ವಾಟ್‌ಅವರ್. ಸಾವಿರ ವಾಟ್‌ಅವರ್ ಸೇರಿದರೆ ಒಂದು ಯೂನಿಟ್. ದೂರ ಹೆಚ್ಚಿಸಲು ಇನ್ನಷ್ಟು ಸೀಸ ಹೇರಿದರೆ, ಕಾರು ಜನರ ಬದಲು ಬ್ಯಾಟರಿಯನ್ನೇ ಹೊತ್ತು ತಿರುಗಬೇಕಿತ್ತು. ಮೂರು ವರ್ಷದ ಆಸುಪಾಸಿನಲ್ಲಿ ಅವುಗಳನ್ನು ಬದಲಿಸುವ ಖರ್ಚು ಬೇರೆ. ನಾಯಂಡಹಳ್ಳಿಯಿಂದ ರೇವಾದಲ್ಲಿ ಮೈಸೂರಿಗೆ ಹೊರಟಿದ್ದರೆ ಮದ್ದೂರು ವಡೆ ತಿನ್ನಲು ನಿಲ್ಲುವ ಹೊತ್ತಿಗೆ ಬ್ಯಾಟರಿಯೂ ಕೈಚೆಲ್ಲುತ್ತಿತ್ತು. 2010ರಲ್ಲಿ ಸಂಸ್ಥೆ ಮಹೀಂದ್ರದವರ ಕೈ ಸೇರಿತು. 2013ರಲ್ಲಿ ಅದೇ ಬೊಮ್ಮಸಂದ್ರದಿಂದ ಲಿಥಿಯಂ ಬ್ಯಾಟರಿಯ ಇ2ಒ ಬಂತು. ಅದೂ ಹೆಚ್ಚು ದಿನ ನಿಲ್ಲಲಿಲ್ಲ. ಆದರೂ ದೇಶಕ್ಕೆ ದಾರಿ ತೋರಿಸಿದ್ದು ಬೆಂಗಳೂರಿನ ಆ ಪುಟ್ಟ ಕಾರು ಎಂದೇ ನನ್ನ ಎಣಿಕೆ.

ತೂಕದ ಗಂಟು ಬಿಚ್ಚಿದವರಲ್ಲಿ ಒಬ್ಬರು ತಾತನೇ. ಅಮೆರಿಕದ ಜಾನ್ ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ ಇನ್ನಿಬ್ಬರ ಜೊತೆ 2019ರಲ್ಲಿ ನೊಬೆಲ್ ಬಂದಾಗ ವಯಸ್ಸು 97! ಕೋಬಾಲ್ಟ್ ಬಳಸುವ ಮೊದಲ ಬಗೆಯನ್ನು ಅವರು 1980ರಲ್ಲಿ ಕಂಡುಕೊಂಡರು. ಕೋಬಾಲ್ಟ್ ದುಬಾರಿ. ಎಪ್ಪತ್ತು ದಾಟಿದ ಮೇಲೆ, 1990ರ ದಶಕದಲ್ಲಿ, ಅದರ ಜಾಗದಲ್ಲಿ ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಬಗೆಯೂ ಅವರ ಪ್ರಯೋಗಾಲಯದಿಂದಲೇ ಬಂತು. ಟಾಟಾದವರ ಟಿಯಾಗೊ ಕರೆಂಟ್ ಕಾರಿನಲ್ಲಿರುವುದು ಈ ಕಬ್ಬಿಣದ ಬಗೆಯ ಬ್ಯಾಟರಿಯೇ. ತೂಕಕ್ಕೆ ತೂಕ ಹೋಲಿಸಿದರೆ ಈ ಸೆಲ್ಲುಗಳು ಸೀಸದ ನಾಲ್ಕು ಪಟ್ಟು ವಿದ್ಯುತ್ ಹಿಡಿಯುತ್ತವೆ. ಬೆಲೆಯೂ ಇಳಿಯಿತು: ಜಗತ್ತಿನ ಸರಾಸರಿಯಲ್ಲಿ, ಒಂದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ 2010ರಲ್ಲಿ ಸಾವಿರ ಡಾಲರ್‌ಗೂ ಹೆಚ್ಚು, 2024ರಲ್ಲಿ 115 ಡಾಲರ್.

ಇದರಿಂದಾಗಿಯೇ 2022ರ ಸೆಪ್ಟೆಂಬರಿನಲ್ಲಿ ಟಿಯಾಗೊ ಕರೆಂಟ್ ಕಾರು 8.49 ಲಕ್ಷದ ಆರಂಭಿಕ ಬೆಲೆಗೆ ಬಂದದ್ದು. ಅದರ 24 ಯೂನಿಟ್ ಬ್ಯಾಟರಿಯ ಮಾದರಿಗೆ ಕಂಪನಿ ಹೇಳಿದ ದೂರ 315 ಕಿ.ಮೀ. ಇದು ಪರೀಕ್ಷೆಯ ಲೆಕ್ಕ, ರಸ್ತೆಯ ಲೆಕ್ಕವಲ್ಲ. ನಮ್ಮ ಏಳು ಕಿಲೋಮೀಟರ್ ಲೆಕ್ಕ ಹಿಡಿದರೆ 170ರ ಹತ್ತಿರ. 2023ರಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯಲ್ಲಿ ಕಾಲೊತ್ತಿದರೆ ಇನ್ನೂ ಕಡಿಮೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಲ್ಲಿ ಹೋಗುವವರು 100ಕ್ಕೆ ಏರಿಸಿದರೆ ವೇಗ ಕಾಲುಪಾಲು ಹೆಚ್ಚು, ಗಾಳಿಯ ತಡೆ ಒಂದೂವರೆ ಪಟ್ಟಿಗೂ ಜಾಸ್ತಿ. ಗುಣಿಸಿ ನೋಡಿ. ಅಂತೂ ನಿಧಾನವಾಗಿ ಓಡಿಸಿದರೆ ಮೈಸೂರು ಮುಟ್ಟಬಹುದು, ಅಲ್ಲಿ ಚಾರ್ಜ್ ಮಾಡಿ ಹಿಂದಿರುಗಬಹುದು. ರಾಜ್ಯದಲ್ಲಿ ಈಗ ಐದು ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿವೆ, ಆದರೆ ಬಹುಪಾಲು ಬೆಂಗಳೂರಿನಲ್ಲೇ.

ಈಗ ಮನೆಯ ಹಿರಿಯರು ಕೇಳುವ ಪ್ರಶ್ನೆ: ಕೊಂಡರೆ ಲಾಭವೋ ನಷ್ಟವೋ? ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಹಿಡಿಯಿರಿ. ಕಿಲೋಮೀಟರಿಗೆ ಸುಮಾರು 6 ರೂಪಾಯಿ 70 ಪೈಸೆ. ವಿದ್ಯುತ್ ಯೂನಿಟ್ಟಿಗೆ 6 ರೂಪಾಯಿ ಎಂದರೆ, ಚಾರ್ಜ್ ಮಾಡುವಾಗಿನ ಸೋರಿಕೆಯನ್ನೂ ಸೇರಿಸಿ ಕಿಲೋಮೀಟರಿಗೆ ಒಂದು ರೂಪಾಯಿ. ಉಳಿತಾಯ 5 ರೂಪಾಯಿ 70 ಪೈಸೆ. ಕರೆಂಟ್ ಕಾರಿಗೆ ಮೂರು ಲಕ್ಷ ಹೆಚ್ಚು ಕೊಟ್ಟಿರಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಅದು ನಾಲ್ಕೂವರೆ ವರ್ಷದೊಳಗೆ ಮರಳುತ್ತದೆ. ಭಾನುವಾರದ ದೇವಸ್ಥಾನ, ತಿಂಗಳಿಗೊಂದು ಮದುವೆಮನೆ ಎಂದು 300 ಕಿಲೋಮೀಟರ್ ಓಡಿಸುವವರಿಗೆ ಹದಿನಾಲ್ಕು ವರ್ಷ ದಾಟುತ್ತದೆ. ಬ್ಯಾಟರಿಗೆ ಟಾಟಾದವರು ಕೊಟ್ಟ ವಾರಂಟಿ ಎಂಟು ವರ್ಷ ಅಥವಾ 1,60,000 ಕಿ.ಮೀ. ಅಂಥ ಮನೆಗೆ, ನನ್ನನ್ನು ಕೇಳಿದರೆ, ಇರುವ ಹಳೆಯ ಕಾರೂ ಮೆಟ್ರೋ ಕಾರ್ಡೂ ಸಾಕು.

ಬ್ಯಾಟರಿಯ ದುಡ್ಡನ್ನು ಬಾಡಿಗೆಯಂತೆ ಕಟ್ಟುವ ದಾರಿಯೂ ಬಂದಿದೆ. 2024ರಲ್ಲಿ ಎಂ.ಜಿ. ವಿಂಡ್ಸರ್ ಕಾರು ಹಾಗೆ 9.99 ಲಕ್ಷಕ್ಕೆ ಬಂತು, ಜೊತೆಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬ್ಯಾಟರಿ ಬಾಡಿಗೆ. ಅದಕ್ಕೆ ವಿದ್ಯುತ್ತಿನ ಒಂದು ರೂಪಾಯಿ ಕೂಡಿಸಿ, ಪೆಟ್ರೋಲಿನ ಲೆಕ್ಕದಿಂದ ಕಳೆಯಿರಿ. ಎಷ್ಟು ಉಳಿಯಿತು ಎಂದು ಮಕ್ಕಳೇ ಅಜ್ಜಿಗೆ ಹೇಳಲಿ.

ಇನ್ನೊಂದು ವಿಷಯ. ತಿಂಗಳಿಗೆ ಸಾವಿರ ಕಿಲೋಮೀಟರ್ ಎಂದರೆ ಸುಮಾರು 160 ಯೂನಿಟ್. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವ ಮನೆ ಆ ಯೋಜನೆಯ 200 ಯೂನಿಟ್ ಮಿತಿ ದಾಟುವ ಸಂಭವ ಹೆಚ್ಚು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಣ್ಣ ಕಾರಾದರೆ ಮನೆಯ 15 ಆಂಪಿಯರ್ ಸಾಕೆಟ್ಟೇ ಸಾಕು, ರಾತ್ರಿ ಹಾಕಿದರೆ ಬೆಳಗ್ಗೆಗೆ ತುಂಬಿರುತ್ತದೆ. ಆದರೆ ಅರ್ತಿಂಗ್ ಸರಿಯಿದೆಯೇ, ವೈರು ತಡೆಯುತ್ತದೆಯೇ ಎಂದು ಮೊದಲು ಎಲೆಕ್ಟ್ರಿಷಿಯನ್ನಿಂದ ನೋಡಿಸಿ. ಇಪ್ಪತ್ತು–ಮೂವತ್ತು ಸೈಟಿನ ಮನೆ ಕಟ್ಟಿ ಕಾರನ್ನು ಬೀದಿಯಲ್ಲಿ ನಿಲ್ಲಿಸುವವರು ನಾಯಂಡಹಳ್ಳಿ, ವಿಜಯನಗರದಲ್ಲಿ ಎಷ್ಟು ಮಂದಿ! ಫುಟ್‌ಪಾತಿನ ಮೇಲೆ ವೈರು ಎಳೆಯುವ ಹಾಗಿಲ್ಲ. ಅವರ ಬೀದಿಗೆ ಚಾರ್ಜಿಂಗ್ ಕಂಬ ಬರುವವರೆಗೆ, ಬ್ಯಾಟರಿ ಎಷ್ಟೇ ಅಗ್ಗವಾದರೂ ಕರೆಂಟ್ ಕಾರು ಗೇಟಿನೊಳಗೆ ಜಾಗವಿದ್ದವರದೇ.