ವಿಮೆಯ ಅರ್ಜಿಯಲ್ಲಿ ಹೃದ್ರೋಗವನ್ನು ಮರೆಮಾಚದಿರಿ

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟಿದ್ದ ತಾಯಿಯೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದಿದ್ದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಿಕೊಂಡವರು; ಆದರೂ ಪ್ರವಾಸ ವಿಮೆಯ ಅರ್ಜಿಯಲ್ಲಿ ‘ಕಾಯಿಲೆ ಇಲ್ಲ’ ಎಂದು ಬರೆದಿದ್ದರು. ಪ್ರೀಮಿಯಂ ಹೆಚ್ಚೀತೆಂಬ ಅಂಜಿಕೆ! ಅದನ್ನು ತಿದ್ದಿಸಿದೆವು.

ಮುಚ್ಚಿಟ್ಟ ರೋಗ ಹೊರಬಿದ್ದರೆ ವಿಮಾ ಸಂಸ್ಥೆಯು ಪರಿಹಾರವನ್ನು ನಿರಾಕರಿಸಬಹುದು. ಅಲ್ಲಿನ ಆಸ್ಪತ್ರೆಯ ವೆಚ್ಚ ಮಕ್ಕಳ ಹೆಗಲೇರುತ್ತದೆ. ತಿಳಿಸಿದರಷ್ಟೇ ಸಾಲದು. ಹಲವು ವಿಮೆಗಳು ಹಳೆಯ ಕಾಯಿಲೆಯನ್ನು ಒಳಗೊಳ್ಳುವುದಿಲ್ಲ; ಕೆಲವು ಪ್ರಾಣಾಪಾಯದ ಸಂದರ್ಭಕ್ಕೆ ಮಾತ್ರ, ಅದೂ ಮಿತ ಮೊತ್ತದವರೆಗೆ ನೆರವಾಗುತ್ತವೆ. ಆ ಷರತ್ತನ್ನು ಓದಿಸಿ ತಿಳಿದೇ ಹಣ ಕಟ್ಟಿರಿ.

ಮಾತ್ರೆಗಳನ್ನೂ ವೈದ್ಯರ ಚೀಟಿಯನ್ನೂ ಕೈಚೀಲದಲ್ಲಿಡಿರಿ. ಸೇವಿಸುವ ಕಷಾಯ, ಚೂರ್ಣಗಳ ಹೆಸರೂ ಅದರಲ್ಲಿರಲಿ. ರಕ್ತ ತೆಳುಗೊಳಿಸುವ ಮಾತ್ರೆಯೊಡನೆ ಕೆಲವು ಹೊಂದುವುದಿಲ್ಲ. ವೈದ್ಯರ ಮುಂದೆ ನುಡಿಯುವ ಸತ್ಯವನ್ನೇ ಅರ್ಜಿಯಲ್ಲಿಯೂ ಬರೆಯಿರಿ.