ಚೆನ್ನೈಗೂ ಒಂದು ರಾತ್ರಿಯಿದೆ

ನಮ್ಮ ಕಾಲೇಜು ಹುಡುಗರಿಗೆ ಚೆನ್ನೈ ಎಂದರೆ ಪುದುಚೇರಿಗೆ ಹೋಗುವಾಗ ಬದಿಗೆ ಬಿಟ್ಟುಹೋಗುವ ಊರು. ಸೆಕೆ, ಟ್ರಾಫಿಕ್, ಅರ್ಥವಾಗದ ಭಾಷೆ, ಜೊತೆಗೆ ಕಾವೇರಿ ಗಲಾಟೆಯ ನೆನಪು. ಇವೆಲ್ಲ ಮುಗಿದ ಮೇಲೆ ಕೊನೆಯ ಪ್ರಶ್ನೆ: 'ಅಲ್ಲಿ ನೈಟ್‌ಲೈಫ್ ಎಲ್ಲಿದೆ?' ಇಲ್ಲಿ ಕೆಲಸ ಮಾಡುವ ಕನ್ನಡಿಗರೆಲ್ಲ ಊರಿಗೆ ಹೋದಾಗ ಈ ಪ್ರಶ್ನೆ ಎದುರಿಸಿದವರೇ.

ಕಳೆದ ಡಿಸೆಂಬರ್‌ನಲ್ಲಿ ಮೈಸೂರಿನ ಕಾಲೇಜೊಂದರ 11 ವಿದ್ಯಾರ್ಥಿಗಳು ಎರಡು ದಿನಕ್ಕೆಂದು ಬಂದರು. ತಂಡದಲ್ಲಿ ಅಕ್ಕನ ಮಗಳಿದ್ದುದರಿಂದ ಗೈಡ್ ಕೆಲಸ ನನ್ನ ಪಾಲಿಗೆ ಬಂತು. ಒಬ್ಬನ ತಂದೆಯಂತೂ 'ಅಲ್ಲಿ ಬೀದಿಯಲ್ಲಿ ಜೋರಾಗಿ ಕನ್ನಡ ಮಾತಾಡಬೇಡ' ಎಂದು ಹೇಳಿಯೇ ಕಳಿಸಿದ್ದರು.

ಮೊದಲು ಹೋದದ್ದು ಸೇಂಟ್ ಜಾರ್ಜ್ ಕೋಟೆಗೆ. ಈಸ್ಟ್ ಇಂಡಿಯಾ ಕಂಪನಿ ಈ ಜಾಗ ಪಡೆದದ್ದು 1639ರಲ್ಲಿ. ಈಗ ತಮಿಳುನಾಡಿನ ಸಚಿವಾಲಯವೂ ಇಲ್ಲೇ ಇದೆ. 1680ರ ಸೇಂಟ್ ಮೇರೀಸ್ ಚರ್ಚ್‌ನಲ್ಲಿ ರಾಬರ್ಟ್ ಕ್ಲೈವ್ ಮದುವೆಯಾದ ಎಂದಾಗ ಹುಡುಗರು ಸೆಲ್ಫಿ ತೆಗೆದುಕೊಂಡು ಮುಂದೆ ನಡೆದರು. ಅವರು ನಿಂತುಬಿಟ್ಟಿದ್ದು ಕೋಟೆಯ ಮ್ಯೂಸಿಯಂನಲ್ಲಿ, ಲಾರ್ಡ್ ಕಾರ್ನ್‌ವಾಲಿಸ್‌ನ ಪ್ರತಿಮೆಯ ಎದುರು.

ಪ್ರತಿಮೆಯ ಪೀಠದಲ್ಲಿ ಒಂದು ಉಬ್ಬುಶಿಲ್ಪವಿದೆ. ಟಿಪ್ಪು ಸುಲ್ತಾನನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್‌ಗೆ ಒಪ್ಪಿಸುವ ದೃಶ್ಯ. 1792ರ ಶ್ರೀರಂಗಪಟ್ಟಣ ಒಪ್ಪಂದದಂತೆ ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಿತ್ತು. ಅದಕ್ಕೆ ಅಡವಾಗಿ ಬಂದವರು ಈ ಬಾಲಕರು. ಇದೇ ಮದ್ರಾಸಿನಲ್ಲಿದ್ದು, 1794ರಲ್ಲಿ ಅಪ್ಪನ ಬಳಿಗೆ ಮರಳಿದರು. ದರಿಯಾ ದೌಲತ್‌ಗೆ ಪಿಕ್‌ನಿಕ್ ಹೋಗಿ ಬೆಳೆದ ನಮ್ಮ ಮಕ್ಕಳಿಗೆ ಕಥೆಯ ಈ ಅರ್ಧ ಗೊತ್ತೇ ಇರಲಿಲ್ಲ.

ಉಳಿದದ್ದು ಮೌಂಟ್ ರೋಡ್ ಪಕ್ಕದ ರಾಜಾಜಿ ಹಾಲ್‌ನಲ್ಲಿದೆ. ಟಿಪ್ಪು ಸತ್ತ ಮೇಲೆ ಆ ಗೆಲುವಿನ ನೆನಪಿಗೆ 1802ರಲ್ಲಿ ಕಟ್ಟಿದ ಔತಣದ ಸಭಾಂಗಣ ಅದು. 'ನಮ್ಮ ಸೋಲಿಗೆ ಇಷ್ಟು ದೊಡ್ಡ ಡೈನಿಂಗ್ ಹಾಲಾ?' ಎಂದ ಒಬ್ಬ. ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಅವರ ಪಾರ್ಥಿವ ಶರೀರವನ್ನು 2016ರಲ್ಲಿ ಸಾರ್ವಜನಿಕ ದರ್ಶನಕ್ಕೆ ಇಟ್ಟಿದ್ದೂ ಇಲ್ಲಿಯೇ.

ಸಂಜೆಯಾಗುತ್ತಲೇ 'ಅಂಕಲ್, ಪಬ್?' ಎಂಬ ಪ್ರಶ್ನೆ ಬಂತು. ತಮಿಳುನಾಡಿನಲ್ಲಿ 21 ತುಂಬಿರಬೇಕು ಎಂದೆ. ತಂಡದಲ್ಲಿ ಅಷ್ಟು ವಯಸ್ಸಿನವರು ಇಬ್ಬರೇ. ಹೀಗಾಗಿ ಮೈಲಾಪುರದ ಸಭಾ ಕಡೆ ಹೊರಟೆವು.

ಡಿಸೆಂಬರ್ ಇಲ್ಲಿ ಮಾರ್ಗಳಿ ಸಂಗೀತದ ಕಾಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಊರ ತುಂಬ ಕಚೇರಿಗಳು. ಸಂಗೀತ ಕೇಳುವವರಷ್ಟೇ ಜನ ಸಭಾದ ಕ್ಯಾಂಟೀನಿನಲ್ಲೂ ಇರುತ್ತಾರೆ. ನಮ್ಮ ಹುಡುಗರೂ ಮೊದಲು ನುಗ್ಗಿದ್ದು ಅಲ್ಲಿಗೇ. ಅರೆಮನಸ್ಸಿನಿಂದ ಒಳಗೆ ಕೂತರು, ಇಬ್ಬರು ತೂಕಡಿಸಿದರು. ಕೊನೆಯಲ್ಲಿ ಗಾಯಕಿ ಪುರಂದರದಾಸರ ದೇವರನಾಮ ಎತ್ತಿಕೊಂಡಾಗ ಎಲ್ಲರೂ ನೆಟ್ಟಗಾದರು. ಇಡೀ ಸಂಜೆಯಲ್ಲಿ ಅವರಿಗೆ ಪದಪದವೂ ಅರ್ಥವಾದ ಹಾಡು ಅದೊಂದೇ. ಪಕ್ಕದಲ್ಲಿದ್ದ ವಯಸ್ಸಾದ ಮಾಮಿ, ಇವರು ಕನ್ನಡದವರೆಂದು ತಿಳಿದು ಅಕ್ಕನ ಮಗಳನ್ನು ಹಿಡಿದುಕೊಂಡರು. ಎಷ್ಟೋ ವರ್ಷದಿಂದ ಆ ಹಾಡನ್ನು ಹಾಡುತ್ತಿದ್ದಾರಂತೆ, ಒಂದು ಸಾಲಿನ ಅರ್ಥ ಮಾತ್ರ ಆಗಿರಲಿಲ್ಲವಂತೆ. ಇವಳು ಹರಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಜೋರಾಗಿ ಕನ್ನಡ ಮಾತಾಡಬೇಡ ಎನಿಸಿಕೊಂಡು ಬಂದ ಹುಡುಗ ಅವಳಿಗಿಂತ ಜೋರಾಗಿ ಅದನ್ನು ತಿದ್ದುತ್ತಿದ್ದ.

ಅಲ್ಲಿಂದ ಬೆಸೆಂಟ್ ನಗರದ ಎಲಿಯಟ್ಸ್ ಬೀಚ್. ಗಂಟೆ ಹತ್ತರ ಹತ್ತಿರ. ಅಜ್ಜಿಯರು, ಮಕ್ಕಳು, ಗಿಟಾರ್ ಹಿಡಿದ ಹುಡುಗರು, ಬಜ್ಜಿ, ಸುಂಡಲ್. ಟಿಕೆಟ್ ಇಲ್ಲ, ಡ್ರೆಸ್ ಕೋಡ್ ಇಲ್ಲ. ಹಾಸ್ಟೆಲಿನಲ್ಲಿ ಕತ್ತಲಾಗುವ ಮೊದಲೇ ಒಳಗಿರಬೇಕಾದ ಹೆಣ್ಣುಮಕ್ಕಳು, ಈ ಹೊತ್ತಿನಲ್ಲಿ ಸುಮ್ಮನೆ ಹೊರಗೆ ಕೂರುವುದೇ ಹೊಸದು ಎಂದರು. ನನ್ನ ಲೆಕ್ಕದಲ್ಲಿ ಊರಿನ ನೈಟ್‌ಲೈಫ್ ಅಳೆಯಬೇಕಾದದ್ದು ಹೀಗೆ: ಜೇಬಿನಲ್ಲಿ ನೂರು ರೂಪಾಯಿ ಇರುವ ಹುಡುಗಿ ನೆಮ್ಮದಿಯಾಗಿ ಎಷ್ಟು ಹೊತ್ತು ಹೊರಗಿರಬಹುದು?

ಅಲ್ಲಿಯೇ ಬಿಳಿಯ ಸ್ಮಾರಕವೊಂದಿದೆ. 1930ರಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ಜೀವ ಕಳೆದುಕೊಂಡ ಡೆನ್ಮಾರ್ಕಿನ ಕಾರ್ಲ್ ಸ್ಮಿತ್‌ನದು. ಬಯಲುಸೀಮೆಯಿಂದ ಬರುವ ಹುಡುಗರಿಗೆ ಅದನ್ನು ಮೊದಲು ತೋರಿಸಿ. ಈ ಕಡಲು ಈಜಿಗಲ್ಲ, ಪಾದ ನೆನೆಸಿಕೊಂಡರೆ ಸಾಕು.

ನಿಮ್ಮ ಮನೆಯ ಮಕ್ಕಳು ಬರುವುದಾದರೆ ಎರಡು ಸಲಹೆ. ಕೋಟೆಗೆ ಗುರುತಿನ ಚೀಟಿ ಇರಲಿ. ಶುಕ್ರವಾರ ಮ್ಯೂಸಿಯಂಗೆ ರಜೆ. ಮೈಸೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಚೆನ್ನೈ ಸೇರುವ ರೈಲಿದೆ, ಟಿಕೆಟ್ ಮುಂಚೆಯೇ ಮಾಡಿಸಿ. ಅದರ ಹೆಸರು ಕಾವೇರಿ ಎಕ್ಸ್‌ಪ್ರೆಸ್.