ತೊದಲು ನುಡಿಯ ಹಿಂದಿನ ದುಡಿಮೆ

ವಿಶಾಖಪಟ್ಟಣದ ರಾಮಕೃಷ್ಣ ಬೀಚ್‌ನಲ್ಲಿ ಒಂದೂವರೆ ವರ್ಷದ ಕೂಸೊಂದು ಅಪ್ಪನ ಹೆಗಲೇರಿ ಕೂತಿದೆ ಎಂದುಕೊಳ್ಳಿ. ಬಂದರಿನೊಳಗೆ ಹೋಗಲು ಸರದಿ ಕಾಯುತ್ತಿರುವ ಹಡಗಿನತ್ತ ಬೆರಳು ಚಾಚಿ ಅದು ‘ಅಗ್ಗು’ ಅನ್ನುತ್ತದೆ. ಮೀನುಗಾರರ ದೋಣಿಯೂ ಅದಕ್ಕೆ ‘ಅಗ್ಗು’. 2002ರಿಂದ ದಡದ ಮೇಲೆ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಐಎನ್‌ಎಸ್ ಕುರ್ಸುರಾ’ ಜಲಾಂತರ್ಗಾಮಿಯೂ ‘ಅಗ್ಗು’.

ಇಲ್ಲಿ ಮಗು ತಪ್ಪುತ್ತಿದೆ ಅನ್ನುವುದಕ್ಕಿಂತ ವಿಂಗಡಿಸುತ್ತಿದೆ ಅನ್ನುವುದೇ ಸರಿ. ಹೇಳಬೇಕಾದ್ದು ಬಹಳ, ಕೈಯಲ್ಲಿರುವ ಪದ ಕೆಲವೇ. ಹಾಗಾಗಿ ಒಂದೇ ಪದವನ್ನು ಹೋಲುವ ವಸ್ತುಗಳಿಗೆಲ್ಲ ಹಿಗ್ಗಿಸುತ್ತದೆ. ‘ದೋಣಿ ಎಲ್ಲಿದೆ?’ ಎಂದು ಕೇಳಿದರೆ ಎಷ್ಟೋ ಸಲ ಸರಿಯಾಗಿಯೇ ತೋರಿಸುತ್ತದೆ. ಮಕ್ಕಳಿಗೆ ಅರ್ಥವಾಗುವ ಪದಗಳು ಆಡುವ ಪದಗಳಿಗಿಂತ ಯಾವಾಗಲೂ ಹೆಚ್ಚು.

ಆ ಚಾಚಿದ ಬೆರಳೂ ಮಾತಿನ ಪೂರ್ವತಯಾರಿಯೇ. ಮಗು ಮೊದಲು ಸನ್ನೆಯಿಂದ ತೋರಿಸಿದ ವಸ್ತುಗಳ ಹೆಸರೇ ಮುಂದೆ ಅದರ ಬಾಯಿಗೆ ಬರುತ್ತದೆ ಎಂದು ಜಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ 2005ರಲ್ಲಿ ತೋರಿಸಿಕೊಟ್ಟರು. ಸಾಮಾನ್ಯವಾಗಿ ವರ್ಷ ತುಂಬುವ ಹೊತ್ತಿಗೆ ಮೊದಲ ಪದ, ಒಂದೂವರೆ ವರ್ಷಕ್ಕೆ ಸುಮಾರು 50, ಎರಡು ವರ್ಷಕ್ಕೆ 200-300 ಪದ ಮತ್ತು ‘ಅಮ್ಮ ಬಾ’ ಎಂಬಂಥ ಜೋಡಣೆ. ಮಗುವಿನಿಂದ ಮಗುವಿಗೆ ಇದರಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ.

ಕಿವಿಯ ಕೆಲಸ ಇದಕ್ಕಿಂತ ಬಹಳ ಮೊದಲೇ ಶುರು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಶಿಶುಗಳು ಹಿಂದಿಯ ತಕಾರ-ಟಕಾರಗಳ ಭೇದವನ್ನು ಗುರುತಿಸಿದವು. 10-12 ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿತ್ತು. ಸುತ್ತ ಕೇಳಿಸದ ಭೇದವನ್ನು ಮಿದುಳು ಕೈಬಿಡುತ್ತದೆ, ಕೇಳಿಸುವುದನ್ನು ಹರಿತಗೊಳಿಸುತ್ತದೆ.

ಬಂದರು, ನೌಕಾಪಡೆ, ಉಕ್ಕಿನ ಕಾರ್ಖಾನೆ ಎಂದು ಕೆಲಸ ಹಿಡಿದು ವಿಶಾಖಪಟ್ಟಣಕ್ಕೆ ಬರುವ ಕನ್ನಡದ ಮನೆಗಳಲ್ಲಿ ಮಗುವಿನ ಕಿವಿಗೆ ಬೀಳುವುದು ಎರಡು ಭಾಷೆ: ಒಳಗೆ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು. ‘ಪಾಲು ಬೇಕು’ ಎಂದು ಮಗು ತೆಲುಗಿನ ಹಾಲನ್ನು ಕನ್ನಡದಲ್ಲಿ ಕೇಳಿದರೆ ಹೆತ್ತವರಿಗೆ ಗಾಬರಿ. ಮಗುವಿಗೆ ಗೊಂದಲವಾಗುತ್ತಿದೆ, ಒಂದು ಭಾಷೆ ಬಿಟ್ಟುಬಿಡಿ ಎಂದು ಹೇಳುವವರಿಗೂ ಕೊರತೆಯಿಲ್ಲ. ಆ ಮಾತಿಗೆ ಕಿವಿಗೊಡಬೇಕಿಲ್ಲ. ತುಟಿ ಸೇರಿಸಿ ಹೇಳುವ ಪಕಾರ ಎಳೆಯ ಬಾಯಿಗೆ ಸುಲಭ. ಹತ್ತಿರ ಸಿಕ್ಕ ಪದವನ್ನು ಮಗು ಬಳಸಿಕೊಂಡಿದೆ, ಅಷ್ಟೆ. ಸ್ಪ್ಯಾನಿಷ್-ಇಂಗ್ಲಿಷ್ ಎರಡನ್ನೂ ಕಲಿಯುತ್ತಿದ್ದ ಮಕ್ಕಳ ಬಗ್ಗೆ ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡೂ ಭಾಷೆಯ ಪದಗಳನ್ನು ಕೂಡಿಸಿ ನೋಡಿದರೆ ಅವರು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ.

ಮುದ್ದು ಬರಿಸುವ ಇನ್ನೆರಡು ಅಭ್ಯಾಸಗಳಲ್ಲೂ ಕಲಿಕೆ ಅಡಗಿದೆ. ಒಂದು, ಕೇಳಿದ ಕಥೆಯನ್ನೇ ಮತ್ತೆ ಮತ್ತೆ ಹೇಳಿಸುವ ಹಟ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಕಂಡುಕೊಂಡಂತೆ, ಬೇರೆ ಬೇರೆ ಕಥೆ ಕೇಳಿದ ಮೂರು ವರ್ಷದ ಮಕ್ಕಳಿಗಿಂತ ಅದದೇ ಕಥೆ ಕೇಳಿದವರೇ ಹೊಸ ಪದಗಳನ್ನು ಚೆನ್ನಾಗಿ ಕಲಿತರು. ಇನ್ನೊಂದು, ನಿದ್ದೆಗೆ ಮುಂಚಿನ ಗೊಣಗಾಟ. ರೂತ್ ವೇರ್ ಎಂಬ ಭಾಷಾವಿಜ್ಞಾನಿ ತಮ್ಮ ಎರಡೂವರೆ ವರ್ಷದ ಮಗನ ಇಂಥ ಮಾತನ್ನು ಧ್ವನಿಮುದ್ರಿಸಿ 1962ರಲ್ಲಿ ಪುಸ್ತಕ ತಂದರು. ಹುಡುಗ ಕತ್ತಲಲ್ಲಿ ಒಬ್ಬನೇ ಪದ ಬದಲಿಸಿ ಬದಲಿಸಿ ವಾಕ್ಯ ಪಳಗಿಸುತ್ತಿದ್ದ. ನಮ್ಮ ಮಕ್ಕಳ ‘ಅಪ್ಪ ಬಂದ, ಅಜ್ಜ ಬಂದ, ಬಸ್ಸು ಬಂತು’ ಕೂಡ ಇಂಥದೇ ಸಾಧನೆ.

ಇದಕ್ಕೆಲ್ಲ ಎದುರಿಗೆ ಮನುಷ್ಯರು ಬೇಕು. ಪೆಟ್ರೀಷಿಯಾ ಕೂಲ್ ಅವರ ತಂಡದ 2003ರ ಪ್ರಯೋಗದಲ್ಲಿ, ಚೀನೀ ಭಾಷಿಕರು ಎದುರು ಕೂತು ಆಡಿಸಿದಾಗ 9 ತಿಂಗಳ ಅಮೆರಿಕನ್ ಶಿಶುಗಳು ಆ ಭಾಷೆಯ ಧ್ವನಿಭೇದ ಕಲಿತವು. ಅದನ್ನೇ ವಿಡಿಯೊದಲ್ಲಿ ನೋಡಿದವು ಕಲಿಯಲಿಲ್ಲ.

ಒಂದೂವರೆ ವರ್ಷವಾದರೂ ಒಂದು ಪದವೂ ಬಾರದಿದ್ದರೆ, ಎರಡು ವರ್ಷವಾದರೂ ಎರಡು ಪದ ಕೂಡದಿದ್ದರೆ ಎರಡು ಭಾಷೆಯನ್ನು ದೂರಬೇಡಿ. ತಡಮಾಡದೆ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕ್ಷೇತ್ರದಲ್ಲಿ ದುಡಿಯುತ್ತಿದೆ. ಉಳಿದವರು ಯಾವ ಊರಿನಲ್ಲೇ ಇರಲಿ, ಮಗು ಬೆರಳು ತೋರಿಸಿದಾಗ ಫೋನು ಕೆಳಗಿಟ್ಟು ಆ ವಸ್ತುವಿನ ಹೆಸರನ್ನು ಕನ್ನಡದಲ್ಲಿ ಹೇಳಿ. ವಿಶಾಖಪಟ್ಟಣದಲ್ಲಿ ತೆಲುಗನ್ನು ಬೀದಿಯೇ ಕಲಿಸುತ್ತದೆ. ಅಲ್ಲಿ ಕನ್ನಡ ಕಲಿಸಲು ಮನೆಯವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.